ಕರೆಯದೆ ಬಂದ ಚುಕ್ಕೆಗಳು

ಛಾಯಾಗ್ರಹಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ತೆಗೆಯುವಾಗ ಕಣ್ಣಿಗೆ ಕಾಣದಿದ್ದ ಚುಕ್ಕೆಯೋ, ಬಿಳಿ ಮಬ್ಬೋ, ಹಸಿರು ಬೆಳಕಿನ ತುಣುಕೋ ಚಿತ್ರದಲ್ಲಿ ಬಂದು ಕುಳಿತಿದೆ ಎಂಬುದೇ ಆ ದೂರು. ಹೀಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉತ್ತರಗಳಿಗೆ ಮೊದಲು ಒಂದು ಕೋರಿಕೆಯಿದೆ. ಚುಕ್ಕೆ ಕಂಡ ಕೂಡಲೇ ಕ್ಯಾಮೆರಾವನ್ನು ರಿಪೇರಿಗೆ ಒಯ್ಯಬೇಡಿ. ನಿಂತ ಜಾಗದಲ್ಲಿಯೇ ಇನ್ನೂ ಎರಡು ಚಿತ್ರ ತೆಗೆಯಿರಿ, ಒಂದನ್ನು ಫ್ಲ್ಯಾಶ್ ಆರಿಸಿ, ಇನ್ನೊಂದನ್ನು ಕ್ಯಾಮೆರಾವನ್ನು ತುಸು ಪಕ್ಕಕ್ಕೆ ತಿರುಗಿಸಿ. ಫ್ಲ್ಯಾಶ್ ಆರಿಸಿದೊಡನೆ ಚುಕ್ಕೆ ಮಾಯವಾದರೆ ಅದಕ್ಕೆ ಫ್ಲ್ಯಾಶ್ ಬೆಳಕೇ ಕಾರಣ. ಕ್ಯಾಮೆರಾ ತಿರುಗಿಸಿದಂತೆ ಅದೂ ಚೌಕಟ್ಟಿನೊಳಗೆ ಜಾರಾಡಿದರೆ ಎದುರಿನ ಯಾವುದೋ ದೀಪ ಕಾರಣ. ಏನು ಮಾಡಿದರೂ ಚೌಕಟ್ಟಿನ ಅದೇ ಮೂಲೆಯನ್ನು ಬಿಡದಿದ್ದರೆ ಆಗ ಕ್ಯಾಮೆರಾದ ಒಳಗೆ ನೋಡಬೇಕು.

ಪ್ರಶ್ನೆ: ಹುಣ್ಣಿಮೆಯ ಜಾತ್ರೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾಗ ಕತ್ತಲಾಗುವ ಹೊತ್ತಿನಲ್ಲಿ ಜೇಬಿನಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾದಿಂದ ಮನೆಯವರ ಚಿತ್ರ ತೆಗೆದೆ. ಎಲ್ಲರ ತಲೆಯ ಸುತ್ತಲೂ ದುಂಡಗಿನ, ಅರೆಪಾರದರ್ಶಕವಾದ ಹಳದಿ ಬಿಳಿ ವೃತ್ತಗಳು ಬಂದಿವೆ. ಒಂದೆರಡರ ಒಳಗೆ ಮುಖದಂತಹ ಗೆರೆಗಳೂ ಇವೆ. ಮನೆಯ ಹಿರಿಯರು ಇದು ತಾಯಿಯ ಸಾನ್ನಿಧ್ಯ ಎನ್ನುತ್ತಾರೆ, ಸ್ಟುಡಿಯೋದವರು ಲೆನ್ಸ್ ಕೆಟ್ಟಿದೆ ಎನ್ನುತ್ತಾರೆ. ಯಾರ ಮಾತು ನಿಜ? — ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಸಾನ್ನಿಧ್ಯದ ಮಾತು ಈ ಅಂಕಣದ ವ್ಯಾಪ್ತಿಗೆ ಸೇರಿದ್ದಲ್ಲ, ಅದನ್ನು ಹಿರಿಯರಿಗೇ ಬಿಡುತ್ತೇನೆ. ಸ್ಟುಡಿಯೋದವರ ಮಾತು ಮಾತ್ರ ತಪ್ಪು, ನಿಮ್ಮ ಲೆನ್ಸ್ ಸರಿಯಾಗಿಯೇ ಇದೆ. ನೀವು ನಿಂತಿದ್ದ ಜಾಗದಲ್ಲಿ ಸಾವಿರಾರು ಕೈಗಳು ಭಂಡಾರ ಎರಚುತ್ತಿದ್ದವು, ಸಾವಿರಾರು ಕಾಲುಗಳು ಮಣ್ಣೆಬ್ಬಿಸುತ್ತಿದ್ದವು. ಆ ಅರಿಷಿಣದ ಪುಡಿ ಮತ್ತು ಧೂಳಿನ ಕಣಗಳಲ್ಲಿ ಕೆಲವು ನಿಮ್ಮ ಲೆನ್ಸಿನ ಮುಂದೆ ಒಂದು ಗೇಣಿಗಿಂತಲೂ ಹತ್ತಿರದಲ್ಲಿ ತೇಲುತ್ತಿದ್ದಾಗ ಫ್ಲ್ಯಾಶ್ ಬೆಳಗಿತು. ವೃತ್ತಗಳು ಹುಟ್ಟಿದ್ದು ಹಾಗೆ.

ಕಣ್ಣಿಗೆ ಕಾಣದ ಕಣ ಚಿತ್ರದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಹೇಗೆ ಬಂತು ಎಂಬುದಕ್ಕೆ ಎರಡು ಕಾರಣಗಳು ಕೂಡಿಕೊಳ್ಳಬೇಕು. ಮೊದಲನೆಯದು ಬೆಳಕಿನ ಲೆಕ್ಕ. ಫ್ಲ್ಯಾಶಿನ ಬೆಳಕು ದೂರದ ವರ್ಗದ ಪ್ರಮಾಣದಲ್ಲಿ ತಗ್ಗುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ನಿಮ್ಮ ಮನೆಯವರು 3 ಮೀಟರ್ ದೂರದಲ್ಲಿ ನಿಂತಿದ್ದರು ಮತ್ತು ಕಣ 10 ಸೆಂಟಿಮೀಟರ್ ದೂರದಲ್ಲಿತ್ತು ಎಂದಿಟ್ಟುಕೊಳ್ಳಿ. ದೂರದ ವ್ಯತ್ಯಾಸ 30 ಪಟ್ಟು, ಆದ್ದರಿಂದ ಮುಖದ ಮೇಲೆ ಬಿದ್ದುದಕ್ಕಿಂತ ಸುಮಾರು 900 ಪಟ್ಟು ಹೆಚ್ಚು ಬೆಳಕು ಆ ಕಣದ ಮೇಲೆ ಬಿದ್ದಿರುತ್ತದೆ. ಎರಡನೆಯದು ಫೋಕಸಿನ ಮಾತು. ಕ್ಯಾಮೆರಾ 3 ಮೀಟರಿಗೆ ಫೋಕಸ್ ಆಗಿರುವಾಗ ಅಷ್ಟು ಹತ್ತಿರದ ಬಿಂದು ಬಿಂದುವಾಗಿ ಮೂಡಲಾರದು, ಹರಡಿಕೊಂಡು ತಟ್ಟೆಯಾಗುತ್ತದೆ. ಆ ತಟ್ಟೆಯ ಆಕಾರ ಕಣದ ಆಕಾರವಲ್ಲ, ಲೆನ್ಸಿನೊಳಗಿನ ರಂಧ್ರದ ಆಕಾರ. ರಂಧ್ರ ಪೂರ್ತಿ ತೆರೆದಿದ್ದರೆ ದುಂಡಗೆ, ಅಲಗುಗಳು ಮುಚ್ಚಿಕೊಂಡಿದ್ದರೆ ಆರು ಅಥವಾ ಏಳು ಮೂಲೆಗಳಾಗಿ ಕಾಣುತ್ತದೆ. ಒಳಗಿನ ಉಂಗುರದಂತಹ ಗೆರೆಗಳು ಗಾಜನ್ನು ರೂಪಿಸುವಾಗ ಉಳಿದ ಸೂಕ್ಷ್ಮ ಗುರುತುಗಳಿಂದಲೂ ಅಂಚಿನಲ್ಲಿ ಬೆಳಕು ಬಾಗುವುದರಿಂದಲೂ ಬರುತ್ತವೆ. ಎರಡು ಕಲೆ ಮತ್ತು ಒಂದು ಗೆರೆ ಕಂಡರೆ ಅದನ್ನು ಮುಖವೆಂದು ಓದಿಕೊಳ್ಳುವುದು ನಮ್ಮ ಕಣ್ಣಿನ ಹಳೆಯ ಚಾಳಿ.

ಲೆನ್ಸ್ ಬದಲಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದ್ದವರಿಗೆ ಇಷ್ಟೊಂದು ವೃತ್ತಗಳು ಏಕೆ ಬರುವುದಿಲ್ಲ ಎಂದು ನೀವು ಕೇಳಬಹುದು. ಪುಟ್ಟ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಎರಡು ಮೂರು ಬೆರಳಿನ ಅಂತರದಲ್ಲಿರುತ್ತದೆ, ಹೀಗಾಗಿ ಅದರ ಬೆಳಕು ಮತ್ತು ಲೆನ್ಸಿನ ನೋಟ ಕ್ಯಾಮೆರಾದ ಮೂಗಿನ ತುದಿಯಲ್ಲಿಯೇ ಕೂಡಿಬಿಡುತ್ತವೆ. ದೊಡ್ಡ ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿದ ಫ್ಲ್ಯಾಶಿನ ಬೆಳಕು ಲೆನ್ಸಿನ ನೋಟದೊಳಗೆ ಬರುವಷ್ಟರಲ್ಲಿ ಸಾಕಷ್ಟು ಮುಂದೆ ಹೋಗಿರುತ್ತದೆ, ಹತ್ತಿರದ ಕಣಗಳು ಕತ್ತಲಲ್ಲಿಯೇ ಉಳಿಯುತ್ತವೆ. ಜೊತೆಗೆ ದೊಡ್ಡ ಸೆನ್ಸರಿನಲ್ಲಿ (ಲೆನ್ಸಿನ ಹಿಂದೆ ಚಿತ್ರ ಮೂಡುವ ಫಲಕದಲ್ಲಿ) ಹತ್ತಿರದ ಕಣ ಎಷ್ಟು ಅಗಲವಾಗಿ ಹರಡುತ್ತದೆಂದರೆ ಅದರ ಬೆಳಕು ತೆಳುವಾಗಿ ಕಾಣದಂತಾಗುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲಿಯೇ ಮಾಡಿ ನೋಡಬಹುದು. ಹೋದ ಬೇಸಿಗೆಯಲ್ಲಿ ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ರಾತ್ರಿ ದೀಪ ಆರಿಸಿ, ಅಟ್ಟದ ಮೇಲಿದ್ದ ಹಳೆಯ ಜಮಖಾನವನ್ನು ನಾಲ್ಕು ಸಲ ಕೊಡವಿದೆ. ಕೂಡಲೇ ಪುಟ್ಟ ಕ್ಯಾಮೆರಾದಿಂದ ಫ್ಲ್ಯಾಶ್ ಹಾಕಿ ಎದುರಿನ ಕಂಬದ ಚಿತ್ರ ತೆಗೆದೆ. ಎಷ್ಟು ವೃತ್ತಗಳೆಂದರೆ ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆ. ಮತ್ತೆ ಕೊಡವಿ, ಈ ಸಲ ದೊಡ್ಡ ಕ್ಯಾಮೆರಾದ ಫ್ಲ್ಯಾಶನ್ನು ತಂತಿಯ ಮೂಲಕ ಬೇರ್ಪಡಿಸಿ ಎಡಗೈಯಲ್ಲಿ ತೋಳಿನುದ್ದಕ್ಕೆ ದೂರ ಹಿಡಿದು ತೆಗೆದಾಗ ಚೌಕಟ್ಟಿನ ಅಂಚಿನಲ್ಲಿ ಒಂದೆರಡು ಮಸುಕು ಕಲೆಗಳು ಬಿಟ್ಟರೆ ಕಂಬ ನಿಚ್ಚಳವಾಗಿತ್ತು. ಫ್ಲ್ಯಾಶ್ ಆರಿಸಿ ಕೋಣೆಯ ದೀಪದಲ್ಲಿ ತೆಗೆದ ಮೂರನೆಯದರಲ್ಲಿ ಒಂದೂ ಇರಲಿಲ್ಲ, ಧೂಳು ಮಾತ್ರ ನನ್ನ ಮೂಗಿನಲ್ಲಿ ಇನ್ನೂ ಇತ್ತು.

ಮುಂದಿನ ಜಾತ್ರೆಗೆ ನೀವು ಮಾಡಬಹುದಾದದ್ದು ಇಷ್ಟು. ಸಾಧ್ಯವಿದ್ದರೆ ಫ್ಲ್ಯಾಶ್ ಆರಿಸಿ, ಅಂಗಡಿ ಸಾಲಿನ ದೀಪದ ಎದುರು ಮನೆಯವರನ್ನು ನಿಲ್ಲಿಸಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 1600ರವರೆಗೆ ಏರಿಸಿಕೊಳ್ಳಿ. ಫ್ಲ್ಯಾಶ್ ಬೇಕೇ ಬೇಕೆಂದರೆ ಜನರಿಗೆ ಹತ್ತಿರ ಹೋಗಿ. ಅವರು 3 ಮೀಟರಿನ ಬದಲು ಒಂದೂವರೆ ಮೀಟರಿನಲ್ಲಿದ್ದರೆ ಮೇಲೆ ಹೇಳಿದ 900 ಪಟ್ಟು 225ಕ್ಕೆ ಇಳಿಯುತ್ತದೆ, ಕ್ಯಾಮೆರಾ ಫ್ಲ್ಯಾಶನ್ನೂ ಕಡಿಮೆ ಬಲದಲ್ಲಿ ಹೊಡೆಯುತ್ತದೆ. ಭಂಡಾರ ಹಾರುವ ಕ್ಷಣವೇ ಬೇಕಿದ್ದರೆ ಹಗಲಿನಲ್ಲಿ, ಸೂರ್ಯ ಜನರ ಪಕ್ಕಕ್ಕೋ ಹಿಂದಕ್ಕೋ ಇರುವಾಗ ತೆಗೆಯಿರಿ. ಅದೇ ಪುಡಿ ಆಗ ಹೊಗೆಯಂತೆ ಹೊಳೆದು ಚಿತ್ರಕ್ಕೆ ಕಳೆ ಕೊಡುತ್ತದೆ.

ಮತ್ತೊಂದು ಮಾತು. ಆ ಪುಡಿ ಕ್ಯಾಮೆರಾದ ಸಂದುಗಳಿಗೆ ಒಳ್ಳೆಯದಲ್ಲ. ಜಾತ್ರೆಯಲ್ಲಿ ಲೆನ್ಸ್ ಬದಲಿಸುವ ಸಾಹಸ ಮಾಡಬೇಡಿ. ಮಾಡಿದರೆ ಏನಾಗುತ್ತದೆಂಬುದನ್ನು ಮುಂದಿನ ಪತ್ರ ಹೇಳುತ್ತದೆ.

ಪ್ರಶ್ನೆ: ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಂಡೆಯಿಂದ ಭೂತನಾಥ ಗುಡಿಯ ಚಿತ್ರಗಳನ್ನು ತೆಗೆದೆ. ಎಲ್ಲದರಲ್ಲಿಯೂ ಆಕಾಶದ ಎಡ ಮೇಲ್ಮೂಲೆಯಲ್ಲಿ ಮೂರು ಕಪ್ಪು ಚುಕ್ಕೆಗಳಿವೆ. ಲೆನ್ಸನ್ನು ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಫ್ಲ್ಯಾಶ್ ಬಳಸಿರಲಿಲ್ಲ. — ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಒರೆಸುವುದನ್ನು ನಿಲ್ಲಿಸಿ, ಗಾಜಿನ ಮೇಲಿನ ಲೇಪ ಸವೆದೀತು. ನಿಮ್ಮ ಚುಕ್ಕೆಗಳು ಲೆನ್ಸಿನ ಮೇಲಿಲ್ಲ, ಸೆನ್ಸರಿನ ಮುಂದಿರುವ ಗಾಜಿನ ಪದರದ ಮೇಲೆ ಕುಳಿತ ಧೂಳು ಅದು. ಲೆನ್ಸಿನ ಮುಂಗಾಜಿನ ಮೇಲಿನ ಕಣ ಸಾಮಾನ್ಯವಾಗಿ ಚಿತ್ರದಲ್ಲಿ ಚುಕ್ಕೆಯಾಗಿ ಮೂಡುವುದೇ ಇಲ್ಲ. ಸೆನ್ಸರಿನ ಮೇಲಿನದು ಮಾತ್ರ ತನ್ನ ನೆರಳನ್ನು ಚಿತ್ರದ ಮೇಲೆ ಬೀಳಿಸುತ್ತದೆ, ಅದೂ ರಂಧ್ರ ಕಿರಿದಾದಷ್ಟೂ ಗಾಢವಾಗಿ. ನೀವು ಬಂಡೆಯಿಂದ ನೀರಿನವರೆಗೆ ಎಲ್ಲವೂ ಸ್ಪಷ್ಟವಾಗಿರಲಿ ಎಂದು ಎಫ್ 16 (ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಇಟ್ಟಿದ್ದೀರೆಂದು ಊಹಿಸುತ್ತೇನೆ. ಅದೇ ದೃಶ್ಯವನ್ನು ಎಫ್ 4ರಲ್ಲಿ ತೆಗೆದಿದ್ದರೆ ಚುಕ್ಕೆಗಳು ಹರಡಿ, ಮಸುಕಾಗಿ, ಬಹುಶಃ ನಿಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈ ವಿಷಯದಲ್ಲಿ ನನ್ನದೂ ಒಂದು ದಂಡದ ಕಥೆಯಿದೆ. ಕ್ಯಾಮೆರಾ ಹೊಸದಿದ್ದ ದಿನಗಳಲ್ಲಿ ಇಂಥದೇ ಚುಕ್ಕೆಗಾಗಿ ನಾನು ಲೆನ್ಸನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು, ಒಳಗೆಲ್ಲ ಸ್ವಚ್ಛ ಮಾಡಿದ್ದೇವೆಂದು ಹಣ ತೆಗೆದುಕೊಂಡು ಮರಳಿಸಿದರು. ಮನೆಗೆ ಬಂದು ಹಾಕಿ ನೋಡಿದರೆ ಚುಕ್ಕೆ ಇದ್ದಲ್ಲಿಯೇ ಇತ್ತು. ಬೇರೆ ಲೆನ್ಸ್ ಹಾಕಿ ಒಂದು ಚಿತ್ರ ತೆಗೆದಿದ್ದರೆ ಅಂದೇ ಗೊತ್ತಾಗುತ್ತಿತ್ತು, ಏಕೆಂದರೆ ಲೆನ್ಸ್ ಬದಲಿಸಿದರೂ ಉಳಿಯುವ ಚುಕ್ಕೆ ಲೆನ್ಸಿನದಲ್ಲ.

ಪರೀಕ್ಷೆ ಸರಳವಾಗಿದೆ. ಎಫ್ 22 ಇಟ್ಟು, ಫೋಕಸನ್ನು ಬೇಕೆಂದೇ ಕೆಡಿಸಿ, ಬಿಳಿ ಗೋಡೆಯನ್ನೋ ಬರಿ ಆಕಾಶವನ್ನೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿ. ಕಣ ಎಲ್ಲಿದೆಯೆಂದು ಹುಡುಕುವಾಗ ಒಂದು ಮೋಸವಿದೆ. ಸೆನ್ಸರಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಲೆನ್ಸ್ ತೆಗೆದು ಮುಂದಿನಿಂದ ನೋಡಿದಾಗ ನಿಮ್ಮ ಎಡ ಮೇಲ್ಮೂಲೆಯ ಚುಕ್ಕೆಗಳು ಎಡ ಕೆಳಮೂಲೆಯಲ್ಲಿರುತ್ತವೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿರುವ ಸೆನ್ಸರ್ ಸ್ವಚ್ಛತೆಯ ಆಯ್ಕೆಯಿಂದ ಕನ್ನಡಿಯನ್ನು ಮೇಲೆತ್ತಿ, ಕ್ಯಾಮೆರಾದ ಬಾಯನ್ನು ನೆಲದ ಕಡೆಗೆ ಹಿಡಿದು, ಬ್ಲೋವರ್ ಎಂದು ಅಂಗಡಿಯಲ್ಲಿ ಸಿಗುವ ರಬ್ಬರ್ ಬುರುಡೆಯಿಂದ ನಾಲ್ಕೈದು ಸಲ ಗಾಳಿ ಹಾಯಿಸಿ. ಅದರ ಮೂತಿ ಗಾಜಿಗೆ ತಾಗಬಾರದು. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಅದರೊಳಗಿನ ದ್ರವ ಚಿಮ್ಮಿ ಕಲೆ ಉಳಿಯುತ್ತದೆ. ಇಷ್ಟಕ್ಕೂ ಹೋಗದಿದ್ದರೆ ಅದು ಅಂಟಿಕೊಂಡ ಧೂಳು. ಆಗ ಮಾತ್ರ ತಿಳಿದವರ ಕೈಗೆ ಕೊಡಿ, ಕೊಡುವಾಗ ಆ ಬಿಳಿ ಗೋಡೆಯ ಚಿತ್ರವನ್ನೂ ಜೊತೆಗೆ ಕೊಡಿ. ಈಗ ಇರುವ ಚಿತ್ರಗಳ ಆಕಾಶದಿಂದ ಮೂರು ಚುಕ್ಕೆಗಳನ್ನು ಅಳಿಸುವುದು ಯಾವುದೇ ಸಾಫ್ಟ್‌ವೇರಿನಲ್ಲಿ ಒಂದು ನಿಮಿಷದ ಕೆಲಸ.

ಪ್ರಶ್ನೆ: ನಾನು ಮದುವೆ ಚಿತ್ರ ತೆಗೆಯುವವನು. ಈಚೆಗೆ ಒಂದು ಮದುವೆಯಲ್ಲಿ ಅಕ್ಕಿಕಾಳಿನ ಹೊತ್ತಿಗೆ ಜೋಡಿಯ ಹಿಂದೆ ಒಂದು ಫ್ಲ್ಯಾಶ್ ಇಟ್ಟಿದ್ದೆ, ಮೇಲಾಗಿ ವಿಡಿಯೋದವರ ಎಲ್‌ಇಡಿ ದೀಪ ಪಕ್ಕದಲ್ಲಿತ್ತು. ಕೆಲವು ಚಿತ್ರಗಳಲ್ಲಿ ವಧುವಿನ ಸೀರೆಯ ಮೇಲೆ ಹಸಿರು, ನೇರಳೆ ಬಣ್ಣದ ತುಣುಕುಗಳು ಬಂದಿವೆ. ಉಳಿದವು ಹಾಲು ಚೆಲ್ಲಿದಂತೆ ಬೆಳ್ಳಗಾಗಿವೆ. — ಓದುಗರೊಬ್ಬರು, ಬೆಳಗಾವಿ

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಒಂದೇ ಹೆಸರು ಲೆನ್ಸ್ ಫ್ಲೇರ್, ಆದರೆ ಅವುಗಳ ಮೂಲ ಬೇರೆ ಬೇರೆ ದೀಪಗಳಲ್ಲಿದೆ.

ಲೇಪವಿಲ್ಲದ ಗಾಜಿನ ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 4 ಶೇಕಡಾವನ್ನು ಹಿಂದಕ್ಕೆ ಹೊಳೆಸುತ್ತದೆ. ಇಂದಿನ ಲೆನ್ಸುಗಳ ಬಹುಪದರದ ಲೇಪ ಅದನ್ನು ಅರ್ಧ ಶೇಕಡಾಕ್ಕಿಂತ ಕೆಳಗೆ ಇಳಿಸಿದರೂ, ಜೂಮ್ ಲೆನ್ಸಿನೊಳಗೆ ಹತ್ತು ಹದಿನೈದು ಗಾಜುಗಳಿರುವಾಗ ಪ್ರತಿ ಮೇಲ್ಮೈಯೂ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಬೆಳಕನ್ನು ಎಸೆದಾಡುತ್ತಲೇ ಇರುತ್ತದೆ. ಸಾಮಾನ್ಯ ದೃಶ್ಯದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಎದುರಿಗೇ ಒಂದು ಫ್ಲ್ಯಾಶ್ ಹೊಡೆದರೆ ಆ ಎಸೆದಾಟದ ಪ್ರತಿಬಿಂಬಗಳೇ ಬಣ್ಣದ ತುಣುಕುಗಳಾಗಿ ಮೂಡುತ್ತವೆ. ಗುರುತು ಹಿಡಿಯುವುದು ಹೀಗೆ: ಚಿತ್ರದಲ್ಲಿ ದೀಪವಿರುವ ಜಾಗದಿಂದ ಚೌಕಟ್ಟಿನ ನಡುಬಿಂದುವಿನ ಮೂಲಕ ಒಂದು ಗೆರೆ ಎಳೆದರೆ ತುಣುಕುಗಳು ಆ ಗೆರೆಯ ಮೇಲೆಯೇ ಸಾಲಾಗಿ ಕುಳಿತಿರುತ್ತವೆ. ರಾತ್ರಿ ಬೀದಿದೀಪದ ಚಿತ್ರ ತೆಗೆದಾಗ ಮೊಬೈಲಿನಲ್ಲಿ ಬರುವ ಹಸಿರು ಚುಕ್ಕೆಯೂ ಇದೇ ಜಾತಿಯದು.

ಹಿಂದಿನ ಫ್ಲ್ಯಾಶಿಗೆ ಪರಿಹಾರವೆಂದರೆ ಅದು ಲೆನ್ಸಿಗೆ ನೇರವಾಗಿ ಕಾಣಬಾರದು. ಜೋಡಿಯ ಬೆನ್ನ ಹಿಂದೆ ಪೂರ್ತಿ ಮರೆಯಾಗುವಂತೆ ಇಡಿ. ಪಕ್ಕದಿಂದ ಬರಬೇಕೆಂದಿದ್ದರೆ ಫ್ಲ್ಯಾಶಿನ ಮೇಲೆ ಕ್ಯಾಮೆರಾದತ್ತ ಇರುವ ಅಂಚಿಗೆ ಅಂಗೈಯಗಲದ ಕಪ್ಪು ರಟ್ಟನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಹಾಲು ಚೆಲ್ಲಿದಂಥ ಬಿಳುಪು ವಿಡಿಯೋದವರ ದೀಪದ ಕೊಡುಗೆ. ಆ ದೀಪ ಚೌಕಟ್ಟಿನಲ್ಲಿ ಇಲ್ಲದಿದ್ದರೂ ಓರೆಯಾಗಿ ಮುಂಗಾಜಿನ ಮೇಲೆ ಬಿದ್ದು ಇಡೀ ಚಿತ್ರದ ಕಪ್ಪನ್ನು ತೊಳೆದುಹಾಕುತ್ತದೆ. ಲೆನ್ಸ್ ಹುಡ್, ಅಂದರೆ ಲೆನ್ಸಿನ ತುದಿಗೆ ಸಿಕ್ಕಿಸುವ ಮರೆ, ಇರುವುದೇ ಇದಕ್ಕಾಗಿ. ಅದನ್ನು ತಿರುಗುಮುರುಗಾಗಿ ಲೆನ್ಸಿಗೆ ಸಿಕ್ಕಿಸಿಕೊಂಡು ಮದುವೆಯನ್ನೆಲ್ಲ ಮುಗಿಸುವವರನ್ನು ನಾನು ಬಹಳ ನೋಡಿದ್ದೇನೆ, ನೀವು ಅವರಲ್ಲೊಬ್ಬರಲ್ಲ ಎಂದುಕೊಳ್ಳುತ್ತೇನೆ. ಹುಡ್ ಸಾಲದಾದರೆ ಎಡಗೈಯನ್ನು ಲೆನ್ಸಿನ ಪಕ್ಕ ಅಡ್ಡ ಹಿಡಿಯಿರಿ. ಗಾಜಿನ ಮೇಲೆ ಕೈಯ ನೆರಳು ಬಿದ್ದ ಕ್ಷಣ ಚಿತ್ರದಲ್ಲಿ ಕಪ್ಪು ಮರಳುವುದು ಕಣ್ಣಿಗೇ ಕಾಣುತ್ತದೆ.

ಲೆನ್ಸಿನ ರಕ್ಷಣೆಗೆಂದು ಯುವಿ ಫಿಲ್ಟರ್ ಹಾಕಿದ್ದರೆ ಕಲ್ಯಾಣ ಮಂಟಪದಲ್ಲಿ ಅದನ್ನು ಬಿಚ್ಚಿಡಿ. ಸೆನ್ಸರಿನಿಂದ ಹೊಳೆದು ಹೊರಟ ಬೆಳಕು ಆ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಗೆ ಬರುತ್ತದೆ, ಸರಮಾಲೆ ದೀಪಗಳೆಲ್ಲ ತಲೆಕೆಳಗಾಗಿ ಇನ್ನೊಮ್ಮೆ ಕಾಣುತ್ತವೆ. ಊಟದ ನಂತರ ತೆಗೆದ ಚಿತ್ರಗಳಲ್ಲಿ ಮಾತ್ರ ಪ್ರತಿ ದೀಪಕ್ಕೂ ಉದ್ದನೆಯ ಬಾಲ ಬಂದಿದ್ದರೆ ಫ್ಲೇರಿನ ಶಾಸ್ತ್ರ ಬೇಡ, ಗಾಜಿನ ಮೇಲಿನ ಎಣ್ಣೆ ಬೆರಳಚ್ಚು ಹುಡುಕಿ.

ಪ್ರಶ್ನೆ: ಗೋಳಗುಮ್ಮಟದ ಒಳಗೆ ಪಿಸುಮಾತಿನ ಗ್ಯಾಲರಿಯಿಂದ ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಗುಮ್ಮಟವೇ ಇಲ್ಲ, ಕತ್ತಲು ಮತ್ತು ಬಿಳಿ ಚುಕ್ಕೆಗಳು ಮಾತ್ರ ಇವೆ. — ಓದುಗರೊಬ್ಬರು, ಇಂಡಿ

ಉತ್ತರ: ಇದು ಮೊದಲ ಪತ್ರದ ಧೂಳೇ, ಜೊತೆಗೆ ಫ್ಲ್ಯಾಶಿನ ಮೇಲೆ ನಾವಿಡುವ ಅತಿಯಾದ ವಿಶ್ವಾಸ. ಕ್ಯಾಮೆರಾದಲ್ಲಿಯೇ ಇರುವ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಬಲದ ಅಳತೆ, ಸಾಮಾನ್ಯವಾಗಿ 12ರ ಆಸುಪಾಸು. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಐಎಸ್‌ಒ 100ರಲ್ಲಿ ಬೆಳಕು ಮುಟ್ಟುವ ದೂರ ಮೀಟರಿನಲ್ಲಿ ಸಿಗುತ್ತದೆ. ಎಫ್ 3.5ಕ್ಕೆ ಅದು ಮೂರೂವರೆ ಮೀಟರ್ ಕೂಡ ಆಗುವುದಿಲ್ಲ. ಐಎಸ್‌ಒ 1600ಕ್ಕೆ ಏರಿಸಿದರೆ ನಾಲ್ಕು ಪಟ್ಟು, ಅಂದರೆ 14 ಮೀಟರಿನೊಳಗೆ. 1656ರಲ್ಲಿ ಮುಗಿದ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನಿಮ್ಮ ಬೆಳಕು ಎದುರಿನ ಗೋಡೆಗೆ ತಲುಪುವ ಮೊದಲೇ ಸತ್ತಿತ್ತು, ಹತ್ತಿರದ ಧೂಳಿಗೆ ಮಾತ್ರ ಧಾರಾಳವಾಗಿ ಸಿಕ್ಕಿತು.

ಫ್ಲ್ಯಾಶ್ ಆರಿಸಿ, ಬೆನ್ನನ್ನು ಗೋಡೆಗೆ ಒರಗಿಸಿ, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಕಿಟಕಿಗಳ ಬೆಳಕಿನಲ್ಲಿ ಒಂದರ ಹಿಂದೊಂದು ನಾಲ್ಕೈದು ಚಿತ್ರ ತೆಗೆಯಿರಿ, ಒಂದಾದರೂ ಅಲುಗದೆ ಬರುತ್ತದೆ. ಟ್ರೈಪಾಡ್ ಬೇಕಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಬೇಕು. ಬಾದಾಮಿಯ ಮೂರನೆಯ ಗುಹೆಗೂ ಇದೇ ಮಾತು. 578ರ ಮಂಗಳೇಶನ ಶಾಸನವಿರುವ ಆ ಗುಹೆಯಲ್ಲಿ ಅಳಿದುಳಿದ ವರ್ಣಚಿತ್ರಗಳಿವೆ, ಅಲ್ಲಿ ಫ್ಲ್ಯಾಶ್ ಹೊಡೆಯದಿರುವುದು ಚಿತ್ರಕ್ಕೂ ಒಳ್ಳೆಯದು, ಗೋಡೆಗೂ ಒಳ್ಳೆಯದು.

ಪ್ರಶ್ನೆ: ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತ ತಂದೆಯವರ ಚಿತ್ರ ತೆಗೆದರೆ ಬರಿ ಬಿಳಿ ಗೋಡೆ ಬರುತ್ತದೆ. — ಓದುಗರೊಬ್ಬರು, ಮುಧೋಳ

ಉತ್ತರ: ಕುದಿಯುವ ಕಬ್ಬಿನ ಹಾಲಿನ ಉಗಿ ಹನಿಹನಿಗಳ ಪರದೆ. ಅದಕ್ಕೆ ಎದುರಿನಿಂದ ಫ್ಲ್ಯಾಶ್ ಬೆಳಕು ಹೊಡೆದರೆ ಮಂಜಿನಲ್ಲಿ ಗಾಡಿಯ ದೊಡ್ಡ ಲೈಟು ಹಾಕಿದಂತೆಯೇ ಆಗುತ್ತದೆ. ಬೆಂಕಿಯ ಬೆಳಕು ಅಥವಾ ಬಾಗಿಲ ಬೆಳಕು ತಂದೆಯವರ ಪಕ್ಕದಿಂದ ಬರುವಂತೆ ನೀವು ಜಾಗ ಬದಲಿಸಿ. ಗಾಳಿ ಉಗಿಯನ್ನು ಆಚೆ ಒಯ್ಯುವವರೆಗೆ ಕಾಯಲೂಬೇಕು. ಲೆನ್ಸಿನ ಮೇಲೆ ಆವಿ ಕಟ್ಟಿದರೆ ಒರೆಸದೆ ಹೊರಗೆ ತಂದು ಆರಲು ಬಿಡಿ.

ಪ್ರಶ್ನೆ: ಗೋಡೆಯ ಮೇಲಿರುವ ಅಜ್ಜನ ಚೌಕಟ್ಟಿನ ಪಟವನ್ನು ಮೊಬೈಲಿನಲ್ಲಿ ತೆಗೆಯುವಾಗ ಎದೆಯ ಮೇಲೆ ಬಿಳಿ ಬೆಳಕಿನ ಉಂಡೆ ಬರುತ್ತದೆ. ಈಚೆಗೆ ಹೊಸ ಕವರ್ ಹಾಕಿದ ಮೇಲೆ ಫ್ಲ್ಯಾಶ್ ಚಿತ್ರಗಳೆಲ್ಲ ಮಬ್ಬಾಗಿಯೂ ಇವೆ. — ಓದುಗರೊಬ್ಬರು, ಇಳಕಲ್ಲ

ಉತ್ತರ: ಉಂಡೆ ಎಂದರೆ ನಿಮ್ಮ ಫ್ಲ್ಯಾಶೇ, ಪಟದ ಗಾಜು ಕನ್ನಡಿಯಾಗಿ ಅದನ್ನು ನಿಮಗೆ ಮರಳಿಸುತ್ತಿದೆ. ಪಟವನ್ನು ಗೋಡೆಯಿಂದ ಇಳಿಸಿ, ಮಾಲೆ ತೆಗೆದು, ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಸುಮಾರು 45 ಡಿಗ್ರಿ ಓರೆಯಿಂದ ಬೀಳುವಂತೆ ನಿಲ್ಲಿಸಿ ನೇರ ಎದುರಿನಿಂದ ತೆಗೆಯಿರಿ. ತೆಗೆಯುವವರು ಬಿಳಿ ಅಂಗಿ ತೊಟ್ಟಿದ್ದರೆ ಅದೂ ಗಾಜಿನಲ್ಲಿ ಕಾಣುತ್ತದೆ, ಕಪ್ಪು ಬಟ್ಟೆ ಉತ್ತಮ. ಎರಡನೆಯ ದೂರಿಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ದಪ್ಪನೆಯ, ಅದರಲ್ಲೂ ಪಾರದರ್ಶಕವಾದ ಕವರಿನ ಅಂಚು ಫ್ಲ್ಯಾಶಿನ ಬೆಳಕನ್ನು ಪಕ್ಕದ ಲೆನ್ಸಿಗೆ ಸಾಗಿಸುತ್ತದೆ. ಕವರ್ ತೆಗೆದು ಒಂದು ಚಿತ್ರ ತೆಗೆಯಿರಿ, ಮಬ್ಬು ಹೋದರೆ ರಂಧ್ರ ಅಗಲವಾಗಿರುವ ಕಪ್ಪು ಕವರ್ ಕೊಳ್ಳಿ.

ಪ್ರಶ್ನೆ: ಫ್ಲ್ಯಾಶ್ ಹಾಕಿದಾಗ ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ಕಪ್ಪು ನೆರಳು ಬರುತ್ತದೆ, ಜೂಮ್ ಮಾಡಿದರೆ ಕಡಿಮೆಯಾಗುತ್ತದೆ. — ಓದುಗರೊಬ್ಬರು, ಜಮಖಂಡಿ

ಉತ್ತರ: ಬೆಳಗಾವಿಯವರಿಗೆ ಹುಡ್ ಹಾಕಿ ಎಂದವನೇ ನಿಮಗೆ ಅದನ್ನು ಕಳಚಿ ಎನ್ನಬೇಕಾಗಿದೆ. ಕ್ಯಾಮೆರಾದ ಮೇಲಿಂದ ಪುಟಿದೇಳುವ ಚಿಕ್ಕ ಫ್ಲ್ಯಾಶ್ ತೀರ ತಗ್ಗಿನಲ್ಲಿರುವುದರಿಂದ ಹುಡ್ ಅದರ ಬೆಳಕಿಗೆ ಅಡ್ಡ ಬರುತ್ತದೆ. ನಿಮಗೆ ಕಾಣುತ್ತಿರುವುದು ಅದರ ನೆರಳು. ಕಳಚಿದ ಮೇಲೂ ನೆರಳು ಉಳಿದರೆ ಲೆನ್ಸೇ ಉದ್ದವಾಗಿದೆ ಎಂದರ್ಥ, ಆಗ ಒಂದೆರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ ತೆಗೆಯಿರಿ. ನೆತ್ತಿಯ ಮೇಲೆ ಕೂರಿಸುವ ಎತ್ತರದ ಫ್ಲ್ಯಾಶ್ ಕೊಂಡ ದಿನ ಹುಡ್ಡನ್ನು ಮತ್ತೆ ಹಾಕಿಕೊಳ್ಳಬಹುದು.